ಮೂರು ತುಂಬದ ಮಕ್ಕಳು

ಎಂಬತ್ನಾಲ್ಕರಲ್ಲಿ ಸವಳಂಗದ ಅಂಗನವಾಡಿಯಲ್ಲಿ ಮೂರು ವರ್ಷ ತುಂಬದ ಮಕ್ಕಳನ್ನು ಕೂರಿಸಿಕೊಳ್ಳುವಂತಿರಲಿಲ್ಲ. ಟೀಚರ್ ಸಿದ್ದಲಿಂಗಮ್ಮನಿಗೆ ಅದು ಚೆನ್ನಾಗಿ ಗೊತ್ತಿತ್ತು. ಕೂಲಿ ಮಾಡುವ ಗುಲ್ಜಾರ್‌ಬೀ ತನ್ನ ಒಂದೂವರೆ ವರ್ಷದ ಮಗಳು ನೂರಿಯನ್ನು ಕರೆತಂದಾಗ, ಕೆಲಸದ ಹೊತ್ತಿನಲ್ಲಿ ಗದ್ದೆಯ ಬದುವಿನ ಮೇಲೆ ಮಲಗಿಸುತ್ತಿದ್ದ ಆ ಮಗುವಿನ ಮೈಯೆಲ್ಲ ಇರುವೆ ಕಚ್ಚಿದ ಗುರುತುಗಳಿದ್ದವು. ಸಿದ್ದಲಿಂಗಮ್ಮ ನಿಯಮ ಬದಿಗಿಟ್ಟು ಮಗುವನ್ನು ಎತ್ತಿಕೊಂಡಳು.

ತಿಂಗಳಾದ ಮೇಲೆ ಹೊನ್ನಾಳಿಯಿಂದ ಮೇಲ್ವಿಚಾರಕಿ ಅನ್ನಪೂರ್ಣಮ್ಮ ತಪಾಸಣೆಗೆ ಬಂದರು. ನೂರಿ ಟೀಚರ್ ಸೆರಗು ಹಿಡಿದು ನಿಂತಿದ್ದಳು.

"ಈ ಮಗೂಗೆ ಎಷ್ಟು ವರ್ಷ?"

ಸಿದ್ದಲಿಂಗಮ್ಮನಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಇನ್ನೂ ಎರಡು ತುಂಬಿಲ್ಲ ಮೇಡಂ. ತಪ್ಪು ನಂದೇ. ಅವರಮ್ಮಂಗೆ ಕೂಸು ಬಿಟ್ಟು ಹೋಗಾಕೆ ಜಾಗ ಇಲ್ರೀ."

ಅನ್ನಪೂರ್ಣಮ್ಮ ಕೈಯಲ್ಲಿದ್ದ ಹಾಜರಿ ಪುಸ್ತಕ ಮುಚ್ಚಿಟ್ಟರು. "ಇಂಥವು ಊರಲ್ಲಿ ಎಷ್ಟು ಅವೆ?"

"ಹದಿನೆಂಟು."

"ಹಂಗಾರೆ ಕೂಸುಗಳಿಗೆ ಬೇರೆ ಶಿಶುವಿಹಾರ ಬೇಕು ಅಂತ ಅರ್ಜಿ ಬರೀರಿ. ತಾಯಂದಿರ ಹೆಬ್ಬೆಟ್ಟು ಹಾಕ್ಸಿ. ಮೇಲಕ್ಕೆ ಕಳಿಸಾದು ನನ್ನ ಕೆಲಸ. ಅಲ್ಲೀತನಕ ಇವಳು ಇಲ್ಲೇ ಇರ್ಲಿ."

ಸಿದ್ದಲಿಂಗಮ್ಮ ಗದ್ದೆಗದ್ದೆ ಸುತ್ತಿದಳು. ನಾಟಿ ಮಾಡುತ್ತಿದ್ದ ಹೆಂಗಸರು ಕೆಸರಿನ ಕೈ ತೊಳೆದು, ಸೀರೆಗೆ ಒರೆಸಿಕೊಂಡು, ಒಬ್ಬೊಬ್ಬರಾಗಿ ಹೆಬ್ಬೆಟ್ಟು ಒತ್ತಿದರು.

ಸರ್ಕಾರದ ಮಂಜೂರಾತಿ ಬರುವಷ್ಟರಲ್ಲಿ ಎರಡು ವರ್ಷ ಕಳೆದು, ನೂರಿಗೆ ಮೂರು ದಾಟಿತ್ತು.

"ನಿನ್ ಮಗಳಿಗೆ ಸಿಗ್ಲಿಲ್ಲ ನೋಡು," ಎಂದು ಸಿದ್ದಲಿಂಗಮ್ಮ ನೊಂದುಕೊಂಡಳು.

"ಅವಳಿಗೆ ನೀವು ಸಿಕ್ಕಿದ್ರಲ್ರೀ," ಎಂದಳು ಗುಲ್ಜಾರ್‌ಬೀ.

ಶಿಶುವಿಹಾರ ತೆರೆದ ದಿನ ಗುಲ್ಜಾರ್‌ಬೀ ತನ್ನ ಪಕ್ಕದ ಮನೆಯ ಹನುಮಕ್ಕನ ಆರು ತಿಂಗಳ ಕೂಸನ್ನು ಎತ್ತಿಕೊಂಡು, ಹಿಂಜರಿಯುತ್ತಿದ್ದ ಹನುಮಕ್ಕನನ್ನೂ ಕೈಹಿಡಿದು ಕರೆದುಕೊಂಡು, ಎಲ್ಲರಿಗಿಂತ ಮೊದಲು ಬಂದಳು.