ಶೀತಲ್ ಕೈ ಎತ್ತಿದಳು

ಬನಹಟ್ಟಿಯ ಪ್ರಭುಲಿಂಗನ ಮನೆಯೊಳಗೇ ಬಟ್ಟೆ ನೇಯುವ ಪವರ್‌ಲೂಮ್ ಇದೆ. ಅದು ಶುರುವಾದರೆ ಪಕ್ಕದಲ್ಲಿ ನಿಂತವರ ಮಾತೂ ಕೇಳುವುದಿಲ್ಲ. ನಾಲ್ಕು ವರ್ಷದ ಮಗಳು ಶೀತಲ್ ಚೀರಿದರೆ ಮಾತ್ರ ಓಣಿಗೆಲ್ಲ ಕೇಳುತ್ತಿತ್ತು. ಚೀರುವುದು, ನೆಲಕ್ಕೆ ಬಿದ್ದು ಹೊರಳುವುದು, ಸಿಕ್ಕಿದ್ದನ್ನು ಎಸೆಯುವುದು. ತಾಯಿ ಬನಶಂಕರಿ ಬೈದಳು, ಹೊಡೆದಳು, ಕೊನೆಗೆ ಮೊಬೈಲು ಕೊಟ್ಟಳು. ಯಾವುದಕ್ಕೂ ಹುಡುಗಿ ಜಗ್ಗಲಿಲ್ಲ.

ಅಂಗನವಾಡಿಯಲ್ಲಿ ಇನ್ನೊಂದು ಮಗುವಿನ ಕೈ ಕಚ್ಚಿದ ದಿನ ಪ್ರಭುಲಿಂಗ ರೋಸಿಹೋದ. ಮಗಳನ್ನು ರನ್ನ ಬೆಳಗಲಿ ಊರಿನ ಅಜ್ಜಿಯ ಮನೆಯಲ್ಲಿ ಬಿಟ್ಟುಬರುವುದೆಂದು ತೀರ್ಮಾನಿಸಿದ. ಬನಶಂಕರಿಗೆ ಅನ್ನವೇ ಇಳಿಯಲಿಲ್ಲ. ಅಷ್ಟು ಚಿಕ್ಕ ಮಗುವನ್ನು ಬಿಟ್ಟಿರುವುದು ಯಾವ ತಾಯಿಗೆ ಆದೀತು?

ಪಕ್ಕದ ಮನೆಯ ಶ್ರೀದೇವಿ ಇದನ್ನು ಕೇಳಿ ಬಂದಳು. ತನ್ನ ಮಗನದೂ ಇದೇ ಪಾಡಾಗಿತ್ತು, ಜಮಖಂಡಿಯಲ್ಲಿ ಮಕ್ಕಳ ನಡವಳಿಕೆ ನೋಡುವ ಸಮಾಲೋಚಕಿಯಿಂದ ಸರಿಹೋಯಿತು ಎಂದಳು.

"ಅಕ್ಕಾ, ನಮ್ಮ ಕೂಸಿಗೆ ಹುಚ್ಚ ಹಿಡದೈತೇನ, ದವಾಖಾನಿಗೆ ಒಯ್ಯಾಕ?" ಪ್ರಭುಲಿಂಗ ಮುಖ ಗಂಟಿಕ್ಕಿದ.

"ಹುಚ್ಚಲ್ಲೋ ತಮ್ಮಾ. ಅಲ್ಲಿ ಗುಳಿಗಿ ಇಲ್ಲ, ಸೂಜಿ ಇಲ್ಲ. ಕೂಸಿನ ಜೋಡಿ ಹೆಂಗ ಇರಬೇಕಂತ ನಮಗ ಕಲಸ್ತಾರ."

ಹೆಂಡತಿಯ ಮುಖ ನೋಡಲಾಗದೆ ಅವನು ತಾಯಿ-ಮಗಳನ್ನು ಕರೆದುಕೊಂಡು ಜಮಖಂಡಿಗೆ ಹೊರಟ. ಸಮಾಲೋಚಕಿ ಮೊದಲು ಮಗುವಿನ ಕಿವಿ, ಮಾತು ಸರಿಯಿವೆಯೇ ಎಂದು ವಿಚಾರಿಸಿದರು. ತಾಯಿ-ಮಗಳು ಆಡುವುದನ್ನು ನೋಡಿದರು. ಆಮೇಲೆ ಕೇಳಿದರು, "ಆಕಿ ಚೀರಿದಾಗ ನೀವೇನ ಮಾಡ್ತೀರಿ?"

"ಮಗ್ಗ ನಿಲ್ಲಿಸಿ ಓಡತೀವ್ರಿ."

"ಸುಮ್ಮನ ಬಂದ ನಿಂತಾಗ?"

ಸುಮ್ಮನೆ ನಿಂತ ಮಗಳಿಗಾಗಿ ಮಗ್ಗ ಒಮ್ಮೆಯೂ ನಿಂತಿರಲಿಲ್ಲ.

"ಚೀರಿದರನ ಅಪ್ಪ ಅವ್ವ ಬರ್ತಾರಂತ ಆಕಿ ಕಲತಾಳ. ಬ್ಯಾರೆ ದಾರಿ ನಾವು ಕಲಸೋಣ್ರಿ," ಎಂದರು ಸಮಾಲೋಚಕಿ.

ಅವರು ಹೇಳಿಕೊಟ್ಟದ್ದು ಕಷ್ಟದ್ದೇನಲ್ಲ. ಮಗ್ಗದಿಂದ ದೂರ, ಹೊಸ್ತಿಲ ಬಳಿ ನಿಂತು ಕೈ ಎತ್ತುವುದನ್ನು ಮಗಳಿಗೆ ಆಟದಂತೆ ಕಲಿಸಬೇಕು. ಕೈ ಎತ್ತಿದರೆ ಆಗಲೇ ಮಗ್ಗ ನಿಲ್ಲಿಸಿ ಹೋಗಿ ಹೊಗಳಬೇಕು. ಚೀರಿದರೆ ಪೆಟ್ಟಾಗಿದೆಯೇ ನೋಡಿ, ಬೈಯದೆ, ಮೊಬೈಲೂ ಕೊಡದೆ ಹತ್ತಿರವಿರಬೇಕು. ಸಮಾಧಾನವಾದ ಕೂಡಲೇ ಮಾತಾಡಿಸಬೇಕು. ದಿನಾ ಸ್ವಲ್ಪ ಹೊತ್ತು ಅವಳು ಹೇಳಿದ ಆಟ ಆಡಬೇಕು. ಮೊದಮೊದಲು ಚೀರಾಟ ಹೆಚ್ಚಾಗಬಹುದು, ಕೈಬಿಡಬೇಡಿ ಎಂದೂ ಎಚ್ಚರಿಸಿದರು.

ಹಾಗೇ ಆಯಿತು, ಚೀರಾಟ ಹೆಚ್ಚಿತು. ಪ್ರಭುಲಿಂಗ ಮತ್ತೆ ಮಗಳನ್ನು ಬೆಳಗಲಿಗೆ ಕಳಿಸುವ ಮಾತು ತೆಗೆದ. ಬನಶಂಕರಿ ಪಟ್ಟು ಬಿಡಲಿಲ್ಲ.

ಒಂದು ಮಧ್ಯಾಹ್ನ ಪ್ರಭುಲಿಂಗ ತಲೆ ಎತ್ತಿ ನೋಡಿದರೆ ಹೊಸ್ತಿಲ ಬಳಿ ಶೀತಲ್ ಕೈ ಎತ್ತಿ ನಿಂತಿದ್ದಳು. ಅವನು ಮಗ್ಗ ಆರಿಸಿದ. ಅವಳಿಗೆ ನೀರು ಬೇಕಿತ್ತು.

"ಚೀರದ ಕೇಳಿದಿ, ಛಲೋ ಮಾಡಿದಿ ನನ್ನವ್ವಾ," ಎಂದು ಎತ್ತಿಕೊಂಡ. ಸ್ವಲ್ಪ ಹೊತ್ತಿಗೆ ಮತ್ತೆ ಕೈ ಎದ್ದಿತು. ಈ ಸಲ ಏನೂ ಬೇಕಿರಲಿಲ್ಲ, ಅಪ್ಪ ಬೇಕಿದ್ದ. ಆ ದಿನ ಮಗ್ಗದಿಂದ ಬಟ್ಟೆ ಕಡಿಮೆ ಇಳಿಯಿತು. ಆದರೆ ಪ್ರಭುಲಿಂಗ ತಾನಾಗಿ ಹೇಳಿದ, "ಇಕಿನ್ನ ಎಲ್ಲಿಗೂ ಕಳಸೂದಿಲ್ಲ."

ಶೀತಲ್ ಈಗಲೂ ಒಮ್ಮೊಮ್ಮೆ ಹಟ ಮಾಡುತ್ತಾಳೆ, ಮಗುವಲ್ಲವೇ! ಅಂಗನವಾಡಿಗೆ ಮಾತ್ರ ನಗುತ್ತಾ ಹೋಗುತ್ತಾಳೆ.

ತಾಯಂದಿರೇ, ತಂದೆಯರೇ, ನಿಮ್ಮ ಮಗುವಿನ ಹಟ, ಹೊಡೆದಾಟ ಮಿತಿಮೀರಿದ್ದರೆ ನಾಚಿಕೆ ಪಡಬೇಡಿ, ಮಗುವನ್ನು ಹೊಡೆಯಬೇಡಿ. ಆಶಾ ಅಥವಾ ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿ, ಯಾರ ಬಳಿ ಹೋಗಬೇಕೆಂದು ಅವರು ತಿಳಿಸುತ್ತಾರೆ. ಇವತ್ತು ನಿಮ್ಮ ಮಗು ಸುಮ್ಮನೆ ಬಂದು ಪಕ್ಕದಲ್ಲಿ ನಿಂತರೆ, ಕೈಯ ಕೆಲಸ ಬಿಟ್ಟು ಒಮ್ಮೆ ತಿರುಗಿ ನೋಡಿ.