ಪಕ್ಕದ ಸೀಟು

ಹೇಳುವುದಾದರೆ ಇವತ್ತೇ ಹೇಳಬೇಕು. ಆದರೆ ಭಾವನ ಮುಖ ನೋಡಿಕೊಂಡು ಹೇಗೆ ಹೇಳುವುದು? ಸಾಹಿತ್ಯದ ಎಂ.ಎ. ಒಂದು ವರ್ಷಕ್ಕೇ ಸಾಕಾಯಿತು, ಇನ್ನು ನಿಮ್ಮ ಡ್ರೈವಿಂಗ್ ಸ್ಕೂಲಿನಲ್ಲೇ ಇದ್ದುಬಿಡುತ್ತೇನೆ. ಇಷ್ಟೇ ಮಾತು. ತರಗತಿಯಲ್ಲಿ ಒಂದೇ ಪದ್ಯವನ್ನು ವಾರಗಟ್ಟಲೆ ಹಿಂಜಿದರೆ ಯಾರಿಗೆ ಏನು ಲಾಭ ಎಂಬುದು ಓದುತ್ತಿದ್ದ ಅವನಿಗೇ ಹೊಳೆದಿರಲಿಲ್ಲ.

"ಏನೋ ಪಂಡಿತ, ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ದೀಯ?" ಭಾವ ಕಾರಿನ ಕೀಲಿ ಎಸೆದರು. "ನರ್ಸಮ್ಮ ಬಂದಿದ್ದಾರೆ. ನೀನೇ ಕರ್ಕೊಂಡು ಹೋಗು. ಕೂಗಿ ಕೂಗಿ ನನ್ನ ಗಂಟಲು ಹರಿದುಹೋಯ್ತು."

ರಜೆಯಲ್ಲಿ, ಕಾರು ಕಲಿಯುವವರ ಪಕ್ಕದ ಸೀಟಿನಲ್ಲಿ ಕೂರುವುದು ಅವನ ಕೆಲಸ. ನರ್ಸಮ್ಮ ಎರಡು ಸಲ ಲೈಸೆನ್ಸ್ ಪರೀಕ್ಷೆಯಲ್ಲಿ ಫೇಲಾದವರು.

"ಇಡೀ ವಾರ್ಡು ನನ್ನ ಮಾತು ಕೇಳುತ್ತೆ ಕಣಪ್ಪ, ಈ ಡಬ್ಬ ಮಾತ್ರ ಕೇಳಲ್ಲ," ಎಂದರು ಕಾರು ಓಡಿಸುತ್ತ. ಹಾಗೆಂದ ಮರುಗಳಿಗೆಯೇ ನಾಲ್ಕು ರಸ್ತೆ ಕೂಡುವಲ್ಲಿ ಡಬ್ಬ ಆಫ್ ಆಯಿತು. ಹಿಂದಿನಿಂದ ಹಾರ್ನುಗಳ ಮೇಳ. ಅವರು ಸ್ಟಿಯರಿಂಗ್ ಬಿಟ್ಟು ಕಿವಿ ಮುಚ್ಚಿಕೊಂಡರು.

ಅವನು ತನ್ನ ಕಡೆಯ ಬ್ರೇಕು ಒತ್ತಿ ಕಾದ. ಹಾರ್ನಿನವರು ಬೇಸತ್ತು ಬಳಸಿಕೊಂಡು ಹೋಗತೊಡಗಿದ ಮೇಲೆ ಕೇಳಿದ: "ಏನು ಕಾಣ್ತಿದೆ ಹೇಳಿ."

"ಏನು ಕಾಣೋದು, ಯಮ ಕಾಣ್ತಿದ್ದಾನೆ!"

"ಅವನ ಪಕ್ಕದಲ್ಲಿ?"

ನರ್ಸಮ್ಮನಿಗೆ ನಗು ಬಂತು. "ಒಂದು ಬಸ್ಸು. ಚಕ್ರ ಈ ಕಡೆ ತಿರುಗಿದೆ."

"ಮತ್ತೆ?"

"ಸೈಕಲ್ಲಿನವನು ಕಾಲು ನೆಲಕ್ಕಿಟ್ಟಿದ್ದಾನೆ... ಓ, ಇವನು ನಿಲ್ತಾನೆ. ಬಸ್ಸು ಬರುತ್ತೆ. ಅದು ಹೋದ್ಮೇಲೆ ನಾನು."

ಬಸ್ಸು ಹೋಯಿತು. ಅವರೂ ಕಾರು ಶುರುಮಾಡಿ ಹೊರಟರು. ಆಮೇಲೆ ದಾರಿಯುದ್ದಕ್ಕೂ ಅವರದೇ ವಾರ್ತಾಪ್ರಸಾರ: ಲಾರಿ, ನಾಯಿ, ಫೋನಿನಲ್ಲಿ ಜಗಳವಾಡುತ್ತ ರಸ್ತೆಗಿಳಿಯಲಿರುವ ಟೈ ಕಟ್ಟಿದವನು.

ಸ್ಕೂಲಿನ ಮುಂದೆ ಕಾರು ಗೆರೆ ಎಳೆದಂತೆ ನಿಂತಾಗ ಭಾವ ಬಾಯಿ ತೆರೆದರು. "ಏನು ಮಂತ್ರ ಹಾಕಿದ್ಯೋ?"

"ಮಂತ್ರವೂ ಇಲ್ಲ, ಮಣ್ಣೂ ಇಲ್ಲ," ನರ್ಸಮ್ಮನೇ ಉತ್ತರ ಕೊಟ್ಟರು. "ನೀವು ಬ್ರೇಕು ಬ್ರೇಕು ಅಂತ ಅರಚ್ತೀರಿ. ಈ ಹುಡುಗ ನೋಡೋಕೆ ಬಿಟ್ಟ. ನಾಳೆಯೂ ಇವನೇ ಬರಲಿ."

ಅವರು ಹೋದ ಮೇಲೆ ಭಾವ ಹತ್ತಿರ ಬಂದರು. "ಇದನ್ನ ಎಲ್ಲಿ ಕಲಿತೆ?"

"ನಮ್ಮ ಮೇಷ್ಟ್ರು ಪದ್ಯ ಓದಿಸೋದೇ ಹೀಗೆ. ಮೊದಲು ಅಲ್ಲಿ ಏನಿದೆ ನೋಡು, ಅರ್ಥ ಆಮೇಲೆ ಅಂತಾರೆ." ಹೇಳಿದ ಮೇಲೆ ತನ್ನ ಮಾತನ್ನು ತಾನೇ ಮೊದಲ ಸಲ ಕೇಳಿಸಿಕೊಂಡಂತೆ ನಿಂತ.

ಭಾವ ತಲೆ ಕೆರೆದುಕೊಂಡರು. "ಇನ್ನೊಂದು ವರ್ಷ ಓದಿದ್ರೆ, ನಿಮ್ಮಕ್ಕ ಮಾತು ಬಿಟ್ಟು ಕೂತಾಗ ಏನರ್ಥ ಅಂತಾನೂ ಹೇಳ್ತೀಯೇನೋ. ಹೋಗಿ ಮುಗಿಸ್ಕೊಂಡು ಬಾರೋ ಮಾರಾಯ."

ಅವನು ನಕ್ಕ. ಓದು ಬಿಡುತ್ತೇನೆಂದು ಭಾವನಿಗೆ ಹೇಳಲೇ ಇಲ್ಲ.