ದಪ್ಪ ಹನಿ

ತಣ್ಣಗೆ ಏನೋ ಮಣಿಕಟ್ಟಿನ ಮೇಲೆ ಬಿತ್ತು, ಹನಿ, ಅದರ ಹಿಂದೆ ಇನ್ನೊಂದು, ಕತ್ತೆತ್ತಿದರೆ ಸಾಮಾನಿಡುವ ಜಾಲರಿಯಲ್ಲಿ ಯಾರದೋ ಕೊತ್ತಂಬರಿ ಕಟ್ಟು, ಚೀಲದಿಂದ ತಲೆ ಹೊರಗೆ ಹಾಕಿ ನೀರು ಬಿಡುತ್ತಿದೆ, ಕೈ ಎಳೆದುಕೊಳ್ಳೋಣವೆಂದರೆ ಪೂನಂಗೆ ಜಾಗವೆಲ್ಲಿ, ಠಾಣೆಯಲ್ಲಿ ಲೋಕಲ್ ರೈಲು ಹತ್ತುವಾಗ ಮೇಲಿನ ಹಿಡಿಗೆ ಸಿಕ್ಕಿಸಿದ ಬಲಗೈ ಅಲ್ಲೇ ಉಳಿದಿದೆ, ಎಡಗೈ ಯಾರದೋ ಬೆನ್ನಿಗೂ ತನ್ನ ಹೊಟ್ಟೆಗೂ ನಡುವೆ, ಅವಳ ಚೀಲ ಕೈಯಿಂದ ಕೈಗೆ ದಾಟಿ ಅದೇ ಜಾಲರಿ ಸೇರಿದೆ, ಇನ್ನು ಕಲ್ಯಾಣ ಬರುವವರೆಗೆ ಲೇಡೀಸ್ ಡಬ್ಬಿಯ ಈ ಬೆವರು, ಈ ಮಲ್ಲಿಗೆ ವಾಸನೆ, ಕಿಟಕಿ ಪಕ್ಕದವಳು ಮಡಿಲಲ್ಲಿ ಸುಲಿಯುತ್ತಿರುವ ಬಟಾಣಿ, ಸಾರಿ ಹಾ ಬೇಟಾ, ಅಂದಳು ಕೊತ್ತಂಬರಿಯವಳು, ಕೋಯಿ ಬಾತ್ ನಹೀ ಆಂಟಿ, ಬೀಳಲಿ, ನೀರು ತಾನೆ, ಓಂ ನಮಃ ಶಿವಾಯ ಒಂದು, ಓಂ ನಮಃ ಶಿವಾಯ ಎರಡು, ಎಲ್ಲಿ ಹನಿ ಕಂಡರೂ ಎಣಿಸುವ ಚಾಳಿ, ನರ್ಸಿಂಗಿನ ಎರಡು ವರ್ಷ ಅವಳಿಗೆ ಇದೊಂದನ್ನಂತೂ ಕಲಿಸಿದೆ, ಎಷ್ಟು ದಪ್ಪ ಹನಿಯಪ್ಪ ಇದು, ಇಂಥದ್ದೇ ಇವತ್ತು ಎಲ್ಲೋ ನೋಡಿದ್ದಳಲ್ಲ, ಎಲ್ಲಿ, ಇರಲಿ, ಕಳ್ವಾ ಸ್ಟೇಷನ್ ದಾಟಿತು.

ಎಣಿಸುವುದು ಬೇರೆ, ಲೆಕ್ಕ ಬೇರೆ, ಇದನ್ನು ಅಪ್ಪನಿಗೆ ತಿಳಿಸಿಹೇಳಲು ಅವಳಿಗೆ ಯಾವತ್ತೂ ಆಗಿಲ್ಲ, ಕಲ್ಯಾಣ ಪೇಟೆಯಲ್ಲಿ ಮೂವತ್ತು ವರ್ಷ ಬಟ್ಟೆ ಅಳೆದ ಸೋಮಣ್ಣ, ಎಲ್ಲ ಬಾಯಿಲೆಕ್ಕ, ಊಟಕ್ಕೆ ಕೂತಲ್ಲೂ ಎರಡೂಕಾಲು ಮೀಟರಿಗೆ ಎಷ್ಟಾತವಾ ಅಂತ ಕೇಳಿ ಮಗಳ ತುತ್ತನ್ನು ಗಂಟಲಲ್ಲೇ ನಿಲ್ಲಿಸುತ್ತಿದ್ದವರು, ಹತ್ತನೆಯದರಲ್ಲಿ ಗಣಿತಕ್ಕೆ ಮೂವತ್ತೈದು, ಅದೂ ಯಾರೋ ಪುಣ್ಯಾತ್ಮ ದಯೆ ತೋರಿದ್ದಕ್ಕೆ, ಲೆಕ್ಕಾ ನಿನ್ನ ತಲಿಗಿ ಹತ್ತೂದಿಲ್ಲವಾ, ಸುಮ್ಮ ಆರ್ಟ್ಸ್ ಮಾಡು, ಮಾಡಿದಳು, ಆಮೇಲೆ ನರ್ಸಿಂಗ್ ಅಂದಾಗ ಅಪ್ಪನ ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ, ಸೂಜಿ ಚುಚ್ಚೂದರಾಗೂ ಲೆಕ್ಕ ಇರ್ತದ, ಮಂದೀ ಜೀವದ ಕೂಡ ಆಟಾ ಆಡಬ್ಯಾಡ, ಆದರೆ ಲಕ್ವಾ ಹೊಡೆದ ಶರಣಬಸಮ್ಮಜ್ಜಿಯನ್ನು ಮೂರು ವರ್ಷ ಎರಡೆರಡು ತಾಸಿಗೆ ಮಗ್ಗುಲು ಬದಲಿಸಿದವಳು ಯಾರು, ಬೆನ್ನಲ್ಲಿ ಒಂದು ಹುಣ್ಣು ಎದ್ದಿತ್ತೇ, ನಿನ್ನ ಕೈಯಾಗ ಗುಣ ಅದ ಅಂದಳಲ್ಲ ಅಜ್ಜಿ, ಜಪ ಕಲಿಸಿದವಳೂ ಅವಳೇ, ಬೆಳಗ್ಗೆ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು, ಅವಸರ ಮಾಡಬ್ಯಾಡ, ಒಂದು ಉಸಿರಿನ್ಯಾಗ ಜಗ್ಗಿ ಹೇಳಬಾರದು, ಹಿಂಗ, ಓಂ ನಮಃ ಶಿವಾಯ, ಆ ನಡೆ ಹೇಗೆ ಕೂತಿತೆಂದರೆ ವಾರ್ಡಿನಲ್ಲಿ ಗಡಿಯಾರ ಹಿಡಿದು ನೋಡಿದಾಗ ನಿಮಿಷಕ್ಕೆ ಸರಿಯಾಗಿ ಅರವತ್ತು, ಒಂದು ಹೆಚ್ಚಿಲ್ಲ ಒಂದು ಕಮ್ಮಿಯಿಲ್ಲ, ಗಣಿತದಲ್ಲಿ ಅವಳಿಗೆ ಬಂದ ಒಂದೇ ಸರಿಯುತ್ತರ ಅದು. ಸೋಡಿಯಂ ಪೊಟ್ಯಾಸಿಯಂ ಎಲ್ಲ ಹೊಸ ನೆರೆಮನೆಯವರ ಹೆಸರಿನ ಹಾಗೆ, ನಿನ್ನೆ ನೆನಪಿದ್ದದ್ದು ಇವತ್ತಿಲ್ಲ, ಔಷಧಿ ಅಳತೆಯ ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ, ಮೂರನೆಯದು ಬರುವ ವಾರ, ಅದೂ ಹೋದರೆ ಮನೆ, ಆದರೂ ವಾರ್ಡಿನಲ್ಲಿ ಹೇಗೋ ದಿನ ದೂಡುತ್ತಿದ್ದಳು, ಮೈಕ್ರೋ ಸೆಟ್ ಇತ್ತಲ್ಲ, ಸಲೈನಿನ ಆ ಸಣ್ಣ ನಳಿಗೆ, ಅರವತ್ತು ಸಣ್ಣ ಹನಿಗೆ ಒಂದು ಎಂ.ಎಲ್., ಡಾಕ್ಟರು ತಾಸಿಗೆ ನಲವತ್ತು ಅಂತ ಬರೆದರೆ ನಿಮಿಷಕ್ಕೆ ನಲವತ್ತು ಹನಿ, ಅರವತ್ತು ಬರೆದರೆ ಅರವತ್ತು, ಗುಣಾಕಾರ ಇಲ್ಲ ಭಾಗಾಕಾರ ಇಲ್ಲ, ಬರೆದಷ್ಟೇ ಹನಿ, ಅರವತ್ತಾದರಂತೂ ಹನಿಗೊಂದು ಶಿವಾಯ, ಕಣ್ಣು ಮುಚ್ಚಿಕೊಂಡೂ ಬಿಡಬಹುದು. ಇವತ್ತೂ ಅರವತ್ತೇ ಇತ್ತು.

ಇವತ್ತು ಮೈಕ್ರೋ ಇರಲಿಲ್ಲ. ಖಾಲಿ ಮಾರಾಯ್ತಿ, ಸಾದಾ ಸೆಟ್ ಹಾಕು, ಲೆಕ್ಕ ಗೊತ್ತುಂಟಲ್ಲ, ಅಂದಿದ್ದರು ವಾರ್ಡಿನ ವನಮಾಲಾ ಸಿಸ್ಟರ್, ಗೊತ್ತು ಸಿಸ್ಟರ್ ಅಂದಿದ್ದಳು, ನಾಲ್ಕು ಗಂಟೆ, ಡ್ಯೂಟಿ ಮುಗಿಯುವ ಗಡಿಬಿಡಿ, ಆರನೇ ಬೆಡ್ಡಿನ ವಿಷ್ಣುಮೂರ್ತಿ ಮಾಮ, ನೌಪಾಡಾದಲ್ಲಿ ಹೋಟೆಲು ನಡೆಸಿದವರು, ವಾಂತಿಯಾಗಿ ಸೊರಗಿದ್ದಾರೆ, ಹೃದಯ ಸೋತಿದೆ, ನೀರು ಬೇಕು ಆದರೆ ನಿಧಾನಕ್ಕೆ ಬೇಕು, ತಾಸಿಗೆ ಅರವತ್ತು ಎಂ.ಎಲ್. ಮೀರಬಾರದು ಅಂತ ಡಾಕ್ಟರು ಕೆಳಗೆ ಗೆರೆ ಎಳೆದು ಬರೆದಿದ್ದರು, ನೀನು ಚುಚ್ಚಿದ್ದು ಗೊತ್ತೇ ಆಗಲಿಲ್ಲ ಮಗಾ, ನಾನು ಹುಷಾರಾದ ಮೇಲೆ ಬಾ, ನೀರುದೋಸೆ ಹಾಕಿಸ್ತೇನೆ, ಅಂದರು ಮಾಮ, ಅವಳು ನಗುತ್ತ ಚಕ್ರ ತಿರುಗಿಸಿ ನಳಿಗೆಯಲ್ಲಿ ಹನಿ ಬೀಳುವ ಗೂಡಿನತ್ತ ನೋಡುತ್ತ ಓಂ ನಮಃ ಶಿವಾಯ ಹನಿ, ಓಂ ನಮಃ ಶಿವಾಯ ಹನಿ, ಅರವತ್ತು, ಸರಿಯಾಯಿತು, ಅಂದುಕೊಂಡಳು, ದಪ್ಪ ಹನಿ, ಕೊತ್ತಂಬರಿ ಕಟ್ಟಿನದರಷ್ಟೇ ದಪ್ಪ, ಅಯ್ಯೋ ಶಿವನೇ, ಸಾದಾ ಸೆಟ್ಟಿನಲ್ಲಿ ಇಪ್ಪತ್ತೇ ಹನಿಗೆ ಒಂದು ಎಂ.ಎಲ್., ಮೂರು ಸಲ ಶಿವಾಯ ಅಂದರೆ ಒಂದು ಹನಿ ಬೀಳಬೇಕಿತ್ತು, ಅವಳು ಪ್ರತಿಯೊಂದಕ್ಕೂ ಬೀಳಿಸಿ ಬಂದಿದ್ದಾಳೆ, ಮೂರು ಪಟ್ಟು, ಆ ಮುದುಕರ ಎದೆಯೊಳಕ್ಕೆ, ಇದೀಗ, ಇಲ್ಲಿ ಅವಳು ನಿಂತಿರುವಾಗ. ಸಂಜೆಯವರು ನೋಡಿ ಸರಿಮಾಡಿರುತ್ತಾರೆ, ಖಂಡಿತ ನೋಡಿರುತ್ತಾರೆ, ನೋಡಿರದಿದ್ದರೆ, ನೋಡಿರದಿದ್ದರೂ ಚಾರ್ಟಿನಲ್ಲಿ ಅವಳ ಹೆಸರಿಲ್ಲ, ವಿದ್ಯಾರ್ಥಿನಿಯರು ಸಹಿ ಮಾಡುವಂತಿಲ್ಲ, ಸಹಿ ವನಮಾಲಾ ಸಿಸ್ಟರದು, ಸೆಟ್ಟಿನತ್ತ ಕಣ್ಣೂ ಹಾಯಿಸದೆ, ನೀನು ಹಾಕಿದ್ದಲ್ವಾ ಆಯ್ತು, ಅಂತ ನಂಬಿ ಮಾಡಿದ ಸಹಿ, ಮೂರನೇ ಪರೀಕ್ಷೆಗೆ ಪ್ರಿನ್ಸಿಪಾಲರ ಮುಂದೆ ಇವಳ ಪರವಾಗಿ ಬಾಯಿ ಬಿಟ್ಟವರೂ ಅವರೇ, ಇದೊಂದು ಕೊನೆಯದು ಪೂನಂ, ಇನ್ನೊಂದು ತಪ್ಪಾದರೆ ನನ್ನಿಂದ ಎಂತದೂ ಮಾಡ್ಲಿಕ್ಕೆ ಆಗುವುದಿಲ್ಲ, ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ಹೇಳಿದರೆ ನಾಳೆಯಿಂದ ಈ ಬಿಳಿ ಕೋಟಿಲ್ಲ, ಅಪ್ಪ ಬೈಯುವುದೂ ಇಲ್ಲ, ಅದೇ ಕಷ್ಟ, ಸುಮ್ಮನೆ ರೊಟ್ಟಿ ಮುರಿಯುತ್ತಾರೆ, ಮಣಿಕಟ್ಟಿನ ಮೇಲೆ ಮತ್ತೆ ಬಿತ್ತು, ಮುಂಬ್ರಾದಲ್ಲಿ ಇಳಿಯೋಣವೆಂದರೆ ಬಾಗಿಲಿಗೂ ಅವಳಿಗೂ ನಡುವೆ ಮೂವತ್ತು ಹೆಂಗಸರು, ಮುಂಬ್ರಾ ಬಂತು, ಇನ್ನೂ ನಾಲ್ಕು ಜನ ಒಳಗೆ ಬಿದ್ದರು, ಮುಂಬ್ರಾ ಹೋಯಿತು.

ಆಂಟಿ, ಬ್ಯಾಗ್, ಮೇರಾ ಬ್ಯಾಗ್, ನೀಲಾ ವಾಲಾ, ತನ್ನ ಗಂಟಲು ಹೀಗೆ ಕೂಗೀತೆಂದು ಅವಳಿಗೇ ಗೊತ್ತಿರಲಿಲ್ಲ, ಎಮರ್ಜನ್ಸಿ ಹೈ, ಕಾಯ್ ಝಾಲಂ ಗ, ಏನಾಯಿತೇ ಅಂತ ಯಾರೋ, ಕೈಗಳು ಎದ್ದವು, ನೀಲಿ ಚೀಲ ತಲೆಗಳ ಮೇಲೆ ತೇಲಿ ಬಂತು, ಜಿಪ್ ಎಳೆದುಕೊಟ್ಟವಳು ಕೊತ್ತಂಬರಿಯವಳೇ, ವಾರ್ಡಿನ ನಂಬರು ಒತ್ತಿ ಫೋನು ಕಿವಿಗಿಟ್ಟಳು, ಅತ್ತ ಹೊಡೆದುಕೊಳ್ಳುತ್ತಿದೆ, ಹೊಡೆದುಕೊಳ್ಳುತ್ತಿದೆ, ಎತ್ತದಿದ್ದರೆ ಸಾಕು ಅಂತ ಒಂದು ಮನಸ್ಸು, ಆ ಮನಸ್ಸಿನ ಮೇಲೆ ಅವಳಿಗೇ ಹೇಸಿಗೆ, ಹಲೋ, ಅಂದದ್ದು ವನಮಾಲಾ ಸಿಸ್ಟರೇ, ಇನ್ನೂ ಮನೆಗೆ ಹೋಗಿಲ್ಲ ಅವರು, ಸಿಸ್ಟರ್ ನಾನು ಪೂನಂ, ಆರನೇ ಬೆಡ್ಡು, ಸಾದಾ ಸೆಟ್ಟಿಗೆ ಅರವತ್ತು ಹನಿ ಬಿಟ್ಟು ಬಂದೆ, ನಾನೇ, ತಪ್ಪಾಯಿತು. ಅತ್ತ ವಾರ್ಡಿನಲ್ಲಿ ಯಾರೋ ಸ್ಟೂಲು ಎಳೆದ ಸದ್ದು, ಆಮೇಲೆ ಸಿಸ್ಟರ್ ತಣ್ಣಗೆ, ಎಷ್ಟು ಹೊತ್ತಿಗೆ ಬಿಟ್ಟದ್ದು, ನಾಲ್ಕಕ್ಕೆ, ಈಗ ಐದೂ ಇಪ್ಪತ್ತು, ಎಷ್ಟು ಹೋಗಿರಬಹುದು ಹೇಳು, ಪೇಪರಿಲ್ಲ, ಬೆರಳಿಗೂ ಜಾಗವಿಲ್ಲ, ನಿಮಿಷಕ್ಕೆ ಮೂರು, ಎಂಬತ್ತು ನಿಮಿಷ, ಇನ್ನೂರ ನಲವತ್ತು ಸಿಸ್ಟರ್, ಹೋಗಬೇಕಿದ್ದದ್ದು ಎಂಬತ್ತು, ಸರಿ, ಅಂದರು ವನಮಾಲಾ, ಲೆಕ್ಕ ಸರಿಯುಂಟು, ಅಷ್ಟೇ, ಫೋನನ್ನು ಮೇಜಿನ ಮೇಲೆ ಇಟ್ಟ ಸದ್ದು, ಚಪ್ಪಲಿಯ ಸದ್ದು ಬೇಗಬೇಗ ದೂರವಾಯಿತು, ಆರನೇ ಬೆಡ್ಡಿಗೆ ಹನ್ನೆರಡು ಹೆಜ್ಜೆ, ಎಣಿಸಿದ್ದಾಳೆ ಅವಳು, ಹನ್ನೆರಡು ಹೆಜ್ಜೆ ಯಾವಾಗಲೋ ಮುಗಿದಿರಬೇಕು, ಮಾಮಾ ಅಂತ ಯಾರಾದರೂ ಕರೆಯಲಿ, ನೀರುದೋಸೆ ಅಂತ ಅವರೊಮ್ಮೆ ಅನ್ನಲಿ, ಫೋನಿನಲ್ಲಿ ಬರೀ ಫ್ಯಾನಿನ ಸದ್ದು, ಓಂ ನಮಃ ಶಿವಾಯ, ಕೊತ್ತಂಬರಿಯ ದಂಟಿನ ತುದಿಯಲ್ಲಿ ಹನಿ ತುಂಬಿಕೊಳ್ಳುತ್ತಿದೆ, ಓಂ ನಮಃ ಶಿವಾಯ, ದಪ್ಪವಾಗಿದೆ, ಜೋಲುತ್ತಿದೆ, ಓಂ ನಮಃ ಶಿವಾಯ, ಬೀಳುತ್ತಿಲ್ಲ